ಪಾನಗೃಹದ ಮಹಡಿ ಮೇಲಿನ ನ್ಯಾಯಪೀಠ

ಲಾ ಕಾಲೇಜಿನಲ್ಲಿ ನಾವು ಓದಿಕೊಂಡ ಇಂಗ್ಲೆಂಡಿನ ನ್ಯಾಯಾಂಗವೆಂದರೆ ವೆಸ್ಟ್‌ಮಿನ್‌ಸ್ಟರ್ ಹಾಲ್, ಕೆಂಪು ನಿಲುವಂಗಿಯ ನ್ಯಾಯಾಧೀಶರು, ಹನ್ನೆರಡು ಮಂದಿಯ ಜ್ಯೂರಿ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್‌ಫೋಕ್‌ನಲ್ಲೋ ಡಾರ್ಸೆಟ್‌ನಲ್ಲೋ ಹೊಲದ ಕೂಲಿ ಮಾಡಿಕೊಂಡಿದ್ದವನು ಸಾಮಾನ್ಯವಾಗಿ ಇದ್ಯಾವುದನ್ನೂ ಕಣ್ಣಾರೆ ಕಾಣದೆಯೇ ಮಣ್ಣಾಗುತ್ತಿದ್ದ. ಅವನು ಕಂಡ ಕೋರ್ಟು ಪೆಟ್ಟಿ ಸೆಷನ್ಸ್. ಅದು ಎಷ್ಟೋ ಕಡೆ ಕೂಡುತ್ತಿದ್ದುದು ಸಂತೆಯೂರಿನ ಪಾನಗೃಹದ ಮಹಡಿಯ ಮೇಲೆ. ಉದ್ದನೆಯ ಮೇಜಿನ ಹಿಂದೆ ಸುತ್ತಲಿನ ಜಮೀನ್ದಾರರೋ ಪಾದ್ರಿಗಳೋ ಇಬ್ಬರು ಮೂವರು, ಪಕ್ಕದಲ್ಲಿ ಕಾನೂನು ಪುಸ್ತಕ ಬಿಡಿಸಿಟ್ಟುಕೊಂಡ ಗುಮಾಸ್ತ. ಜ್ಯೂರಿ ಇಲ್ಲ. ಆರೋಪಿಗೆ ಹೆಚ್ಚಿನ ಸಂದರ್ಭಗಳಲ್ಲಿ ವಕೀಲನೂ ಇಲ್ಲ. ಉರುಲಿಗೆ ಬಿದ್ದ ಮೊಲ, ಬೇಲಿಯಿಂದ ಮುರಿದ ಒಂದು ಹೊರೆ ಸೌದೆ, ಕುಡಿದು ಮಾಡಿದ ಗಲಾಟೆ, ಹೇಳದೆ ಕೇಳದೆ ಬಿಟ್ಟುಹೋದ ಕೂಲಿ: ಇಂಥ ಮೊಕದ್ದಮೆಗಳು ಅಲ್ಲಿ ಒಂದೇ ಬೆಳಗಿನಲ್ಲಿ ಸಾಲಾಗಿ ತೀರಿಹೋಗುತ್ತಿದ್ದವು. ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಸಂಕ್ಷಿಪ್ತ ವಿಚಾರಣೆಗೆ ಆ ಮೇಜಿನೊಂದಿಗೆ ರಕ್ತಸಂಬಂಧವಿದೆ. ವಕೀಲರಿಗಾಗಿ ಹೊರಡುತ್ತಿರುವ ಈ ಸ್ಮರಣ ಸಂಚಿಕೆಯಲ್ಲಿ ಅದರ ಚರಿತ್ರೆಗೂ ನಾಲ್ಕು ಪುಟ ಸಿಗಬೇಕೆಂದು ನಾನು ಸಂಪಾದಕರನ್ನು ಒತ್ತಾಯಿಸಿದ್ದು ಅದಕ್ಕಾಗಿ.

ಮೇಜಿನ ಹಿಂದೆ ಕೂತವರಿಗೆ ಜಸ್ಟಿಸ್ ಆಫ್ ದಿ ಪೀಸ್ ಎಂಬ ಪದವಿ. 1361ರ ಕಾಯ್ದೆಯಷ್ಟು ಹಳೆಯದು. ಸಂಬಳವಿಲ್ಲ, ಕಾನೂನು ಓದಿರಬೇಕೆಂಬ ನಿಯಮವೂ ಇಲ್ಲ. ಇರಬೇಕಾದದ್ದು ಆಸ್ತಿ: 1744ರ ಕಾಯ್ದೆಯಂತೆ ಭೂಮಿಯಿಂದ ವರ್ಷಕ್ಕೆ 100 ಪೌಂಡ್ ಹುಟ್ಟುವಳಿ. ಕೌಂಟಿಯ ಲಾರ್ಡ್ ಲೆಫ್ಟಿನೆಂಟ್ ಹೆಸರು ಸೂಚಿಸಬೇಕು, ಅಂದರೆ ದೊಡ್ಡ ಜಮೀನ್ದಾರನೊಬ್ಬ ಉಳಿದ ಜಮೀನ್ದಾರರನ್ನು ಆರಿಸಬೇಕು. 1830ರ ದಶಕದ ಹೊತ್ತಿಗೆ ಕೌಂಟಿ ಮ್ಯಾಜಿಸ್ಟ್ರೇಟರಲ್ಲಿ ಸುಮಾರು ಕಾಲು ಪಾಲು ಪಾದ್ರಿಗಳೇ. ಭಾನುವಾರ ಚರ್ಚಿನಲ್ಲಿ ಉಪದೇಶ ಮಾಡಿದವರು ವಾರದ ನಡುವೆ ಅದೇ ಜನರಿಗೆ ಸಜೆ ಬರೆಯುತ್ತಿದ್ದರು. ಕಾನೂನಿನ ವಿಷಯಕ್ಕೆ ಅವರೆಲ್ಲ ನಂಬಿದ್ದು ರಿಚರ್ಡ್ ಬರ್ನ್ 1755ರಲ್ಲಿ ಹೊರತಂದ ಕೈಪಿಡಿಯನ್ನು. 1869ರಲ್ಲಿ ಅದರ ಮೂವತ್ತನೆಯ ಆವೃತ್ತಿ ಬಂತು. ಬರ್ನ್ ಕೂಡ ಪಾದ್ರಿಯೇ, ಮ್ಯಾಜಿಸ್ಟ್ರೇಟನೇ. ಗುಮಾಸ್ತನಾಗಿ ಇರುತ್ತಿದ್ದವನು ಸಾಮಾನ್ಯವಾಗಿ ಊರಿನ ಸಾಲಿಸಿಟರ್. ಬಹುಕಾಲ ಅವನ ಸಂಪಾದನೆ ಫೀಜಿನಿಂದ ಬರುತ್ತಿತ್ತು, ಸಮನ್ಸಿಗಿಷ್ಟು, ವಾರಂಟಿಗಿಷ್ಟು. ಹೀಗಾಗಿ ದಂಡ ಸಣ್ಣದಾದರೂ ಖರ್ಚು ಸೇರಿ ಮೊತ್ತ ಬೆಳೆಯುತ್ತಿತ್ತು.

ಇವರ ಮೇಲೆ ವರ್ಷಕ್ಕೆ ನಾಲ್ಕು ಸಲ ಕೂಡುವ ಕ್ವಾರ್ಟರ್ ಸೆಷನ್ಸ್, ಅದರ ಮೇಲೆ ಲಂಡನ್ನಿನಿಂದ ಸವಾರಿ ಬರುವ ನ್ಯಾಯಾಧೀಶರ ಅಸೈಜಸ್. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಶತಮಾನದ ಆರಂಭದಲ್ಲಿ ಎಷ್ಟೋ ವ್ಯಾಜ್ಯಗಳು ಪೆಟ್ಟಿ ಸೆಷನ್ಸಿಗೂ ಬರದೆ ಒಬ್ಬನೇ ಮ್ಯಾಜಿಸ್ಟ್ರೇಟನ ಮನೆಯ ಪಡಸಾಲೆಯಲ್ಲೇ ಮುಗಿಯುತ್ತಿದ್ದವು ಎಂಬುದನ್ನು ಮಾತ್ರ ಹೇಳಬೇಕು. ಬೆಡ್‌ಫರ್ಡ್‌ಶೈರ್‌ನ ಸೌತಿಲ್‌ನಲ್ಲಿದ್ದ ಸ್ಯಾಮ್ಯುಯೆಲ್ ವಿಟ್‌ಬ್ರೆಡ್, ಪಾರ್ಲಿಮೆಂಟಿನ ಸದಸ್ಯ, ತನ್ನ ಮುಂದೆ ಬಂದ ದೂರುಗಳನ್ನು ಬರೆದಿಟ್ಟ ಪುಸ್ತಕಗಳು ಉಳಿದಿವೆ. 1810ರಿಂದ 1814ರ ನಡುವಿನವು. ಅವುಗಳಲ್ಲಿ ಕಳ್ಳತನಕ್ಕಿಂತ ಕಣ್ಣಿಗೆ ಬೀಳುವುದು ಬಡತನ: ಪ್ಯಾರಿಷ್ ಅಧಿಕಾರಿಗಳು ಪರಿಹಾರ ಕೊಡಲಿಲ್ಲ, ಯಜಮಾನ ಕೂಲಿ ಉಳಿಸಿಕೊಂಡ ಎಂಬ ಅಹವಾಲುಗಳು. ಬಡವರು ಆ ಬಾಗಿಲಿಗೆ ಬೇಡಿಯಲ್ಲಷ್ಟೇ ಬರುತ್ತಿರಲಿಲ್ಲ, ತಾವಾಗಿಯೂ ಬರುತ್ತಿದ್ದರು. ಈ ಮಗ್ಗುಲನ್ನು ಮರೆತು ಬರೆದ ಚರಿತ್ರೆ ಅರೆಬರೆಯಾಗುತ್ತದೆ.

ಇನ್ನು ಅಪರಾಧಗಳು. ಹಿಂದಿನ ತಲೆಮಾರಿಗೆ ವಾಡಿಕೆಯಾಗಿದ್ದದ್ದು ಮುಂದಿನ ತಲೆಮಾರಿಗೆ ಕಳವಾಯಿತು. ಸುಗ್ಗಿ ಮುಗಿದ ಹೊಲದಲ್ಲಿ ಹೆಂಗಸರು ಮಕ್ಕಳು ಹಕ್ಕಲು ಆಯುವುದು ಇಂಗ್ಲೆಂಡಿನಲ್ಲೂ ನಡೆದುಬಂದ ಪದ್ಧತಿ. ಕೆಲವು ಹಳ್ಳಿಗಳಲ್ಲಿ ಅದಕ್ಕೆಂದೇ ಚರ್ಚಿನ ಗಂಟೆ ಬಾರಿಸುತ್ತಿದ್ದರು. 1788ರಲ್ಲಿ ಸ್ಟೀಲ್ ವಿರುದ್ಧ ಹೌಟನ್ ಪ್ರಕರಣದಲ್ಲಿ ಕೋರ್ಟು, ಹಕ್ಕಲಿಗೆ ಕಾನೂನಿನ ಹಕ್ಕಿಲ್ಲ ಎಂದಿತು. ಹಳ್ಳಿಗಳು ಆ ತೀರ್ಪಿಗೆ ಅಷ್ಟಾಗಿ ತಲೆಬಾಗಲಿಲ್ಲ. ಮುಂದಿನ ಶತಮಾನದಲ್ಲೂ ಹಕ್ಕಲು ಆಯುವುದು ನಿಲ್ಲಲಿಲ್ಲ. ಗೋಮಾಳ, ಕುರುಚಲು ಕಾಡುಗಳ ಕಥೆ ಬೇರೆ. 1750ರಿಂದ 1850ರ ನಡುವೆ ಪಾರ್ಲಿಮೆಂಟು ಸುಮಾರು ನಾಲ್ಕು ಸಾವಿರ ಕಾಯ್ದೆಗಳ ಮೂಲಕ ಊರೊಟ್ಟಿನ ಜಮೀನುಗಳಿಗೆ ಬೇಲಿ ಹಾಕಿಸಿತು. ಅಜ್ಜಿ ಪುಳ್ಳೆ ಆಯ್ದು ತಂದ ಜಾಗದಲ್ಲೇ ಮೊಮ್ಮಗಳು ಪುಳ್ಳೆ ಆಯ್ದರೆ ಈಗ ಅದು ಮೊಕದ್ದಮೆ.

ಬೇಟೆಯ ಕಾನೂನಿನಷ್ಟು ಹಳ್ಳಿಯ ಮನಸ್ಸನ್ನು ಕೆಡಿಸಿದ್ದು ಬೇರೊಂದಿಲ್ಲ ಎಂಬುದು ನನ್ನ ಎಣಿಕೆ. 1671ರಿಂದ 1831ರವರೆಗೆ ಮೊಲ, ಫೆಸೆಂಟ್, ಕೌಜುಗ ಹೊಡೆಯುವ ಹಕ್ಕು ಇದ್ದುದು ನಿಗದಿತ ಆಸ್ತಿ ಇದ್ದವರಿಗೆ ಮಾತ್ರ. ಗೇಣಿಗೆ ಉಳುವವನು ತನ್ನ ಬೆಳೆ ತಿಂದ ಮೊಲವನ್ನೂ ಮುಟ್ಟುವಂತಿರಲಿಲ್ಲ. ನೆಪೋಲಿಯನ್ನನ ಯುದ್ಧ ಮುಗಿದು ಸಿಪಾಯಿಗಳು ಕೆಲಸವಿಲ್ಲದೆ ಊರಿಗೆ ಮರಳಿದ ಮರುವರ್ಷವೇ, 1816ರಲ್ಲಿ, ರಾತ್ರಿ ಹೊತ್ತು ಬಲೆ ಹಿಡಿದು ಸಿಕ್ಕವನಿಗೆ ಏಳು ವರ್ಷ ಗಡೀಪಾರು ವಿಧಿಸುವ ಕಾಯ್ದೆ ಬಂತು. 1828ರ ಕಾಯ್ದೆ ಅದನ್ನು ಮೆಟ್ಟಿಲು ಮಾಡಿತು: ಮೊದಲ ಸಲ ಮೂರು ತಿಂಗಳ ಕಠಿಣ ಸಜೆ, ಎರಡನೆಯ ಸಲ ಆರು ತಿಂಗಳು, ಮೂರನೆಯ ಸಲ ಸಮುದ್ರದಾಚೆ. ತಂತಿ ತಗುಲಿದರೆ ತಾನೇ ಗುಂಡು ಹಾರಿಸುವ ಬಂದೂಕುಗಳನ್ನು ಕಾಡಿನಲ್ಲಿ ಹೂಡಿಡುವುದನ್ನು ನಿಷೇಧಿಸಿದ್ದೂ 1827ರಲ್ಲಷ್ಟೇ. 1831ರ ಬೇಟೆ ಕಾಯ್ದೆ ಆಸ್ತಿಯ ನಿಬಂಧನೆಯನ್ನು ತೆಗೆದು ಲೈಸೆನ್ಸ್ ತಂದಿತು. ಹಗಲಿನಲ್ಲಿ ಬೇಟೆಗೆಂದು ಪರರ ನೆಲ ತುಳಿದವನಿಗೆ 2 ಪೌಂಡ್‌ವರೆಗೆ ದಂಡ. ವಾರಕ್ಕೆ 8 ಷಿಲಿಂಗ್ ದುಡಿಯುವವನಿಗೆ ಅದು ಐದು ವಾರದ ಕೂಲಿ. ಕಟ್ಟಲಾಗದಿದ್ದರೆ ಜೈಲು.

ಈ ಮೊಕದ್ದಮೆ ಕೇಳುತ್ತಿದ್ದವರು ಯಾರು? ತಮ್ಮ ಕಾಡುಗಳಲ್ಲಿ ಫೆಸೆಂಟ್ ಸಾಕುತ್ತಿದ್ದವರು. ತನ್ನ ಜಮೀನಿನ ಮೊಕದ್ದಮೆಗೆ ತಾನು ಕೂರದಿದ್ದರೂ ನೆರೆಯ ಜಮೀನ್ದಾರ ಕೂರುತ್ತಿದ್ದ. ಅವನ ಮೊಕದ್ದಮೆಗೆ ಇವನು. ಸಾಕ್ಷಿ ಹೇಳುವವನು ಜಮೀನ್ದಾರನ ಸಂಬಳದ ಕಾವಲುಗಾರ. ಆರೋಪಿಗೆ ಪ್ರಮಾಣ ಮಾಡಿ ತನ್ನ ಪರ ತಾನೇ ಸಾಕ್ಷಿ ಹೇಳುವ ಸಾಮಾನ್ಯ ಹಕ್ಕು ಸಿಕ್ಕಿದ್ದು 1898ರಲ್ಲಿ. ಇದರ ಮೇಲೆ 1862ರ ಕಾಯ್ದೆ ಬಂದು, ಸಾರ್ವಜನಿಕ ರಸ್ತೆಯಲ್ಲಿ ಹೋಗುವವನ ಚೀಲ, ಗಾಡಿಗಳನ್ನು ಅನುಮಾನದ ಮೇಲೆ ಶೋಧಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸರ್ಕಾರದ ಪೊಲೀಸ್ ಜಮೀನ್ದಾರನ ಬೇಟೆ ಕಾವಲಿಗೆ ನಿಂತಂತಾಯಿತೆಂದು ಕೂಲಿಕಾರರು ಕುದಿದದ್ದು ಸಹಜ. ವಾರಿಕ್‌ಶೈರ್‌ನ ಕೂಲಿಕಾರರ ಮುಖಂಡ ಜೋಸೆಫ್ ಆರ್ಚ್, ಬೇಟೆ ಕಾನೂನು ಪರಿಶೀಲಿಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು ಹಳ್ಳಿಯವರ ಮನಸ್ಸನ್ನು ಬಿಡಿಸಿ ಹೇಳಿದ: ಕಾಡು ಮೊಲವನ್ನು ಅವರು ಯಾರೊಬ್ಬರ ಸ್ವತ್ತೆಂದೂ ಎಣಿಸುವುದಿಲ್ಲ. ನೆರೆಮನೆಯ ಕೋಳಿ ಕದ್ದವನನ್ನು ಊರು ಕಳ್ಳನೆನ್ನುತ್ತಿತ್ತು. ಮೊಲ ಹಿಡಿದವನನ್ನು ಹಾಗೆ ಅನ್ನುತ್ತಿರಲಿಲ್ಲ. ಬೆಳೆ ತಿನ್ನುವ ಮೊಲವನ್ನು ಹೊಡೆಯುವ ಹಕ್ಕು ಗೇಣಿದಾರರಿಗೆ ಬಂದದ್ದು 1880ರಲ್ಲಿ.

ಒಂದು ಮೊಕದ್ದಮೆಯನ್ನು ಹತ್ತಿರದಿಂದ ನೋಡೋಣ. ನಾರ್‌ಫೋಕ್‌ನ ಮಾರ್ಶಮ್ ಎಂಬ ಹಳ್ಳಿ, 1855. ಕ್ರಿಮಿಯಾ ಯುದ್ಧದ ಕಾಲ. ರೊಟ್ಟಿಯ ಬೆಲೆ ಏರಿದ್ದರೂ ಕೂಲಿ ಅದಕ್ಕೆ ಸರಿಯಾಗಿ ಏರಿರಲಿಲ್ಲ. ದನಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಕೂಲಿಯವನು ಸಂಜೆ ಮನೆಗೆ ಹೊರಡುವಾಗ ಹೊಲದಿಂದ ಐದು ಟರ್ನಿಪ್ ಗೆಡ್ಡೆ ಎತ್ತಿಕೊಂಡ. ದನಗಳಿಗೆ ಹಾಕುವ ಮೇವು ಅದು; ಮನೆಯಲ್ಲಿ ಮಕ್ಕಳು ಹಸಿದಿದ್ದವು. ದಾರಿಯಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಹೊಲದಲ್ಲಿ ಬೆಳೆದ ಗೆಡ್ಡೆ ಕದ್ದವನಿಗೆ ಒಂದು ತಿಂಗಳವರೆಗೆ ಸಜೆ ಅಥವಾ 20 ಷಿಲಿಂಗ್‌ವರೆಗೆ ದಂಡ ವಿಧಿಸಲು 1827ರ ಕಾಯ್ದೆ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿತ್ತು. ಇವನಿಗೆ ಆದದ್ದು ಹದಿನಾಲ್ಕು ದಿನಗಳ ಕಠಿಣ ಸಜೆ. ಕಾನೂನಿನ ಲೆಕ್ಕದಲ್ಲಿ ಅದು ಅರ್ಧ ಶಿಕ್ಷೆ, ಕರುಣೆ ಎಂದೂ ಕರೆಯಬಹುದು. ದುಡಿಯುವವನು ಒಳಗೆ ಹೋದದ್ದರಿಂದ ಹೆಂಡತಿ ಮಕ್ಕಳು ಎಯ್ಲ್‌ಶಮ್‌ನ ಬಡವರ ಮನೆಗೆ, ಅಂದರೆ ವರ್ಕ್‌ಹೌಸಿಗೆ ಸೇರಬೇಕಾಯಿತು. ಬಿಡುಗಡೆಯಾಗಿ ಬಂದವನಿಗೆ ಕೆಲಸ ಕೊಡಲು ಯಾರೂ ಮುಂದಾಗಲಿಲ್ಲ. ಇಡೀ ಚಳಿಗಾಲ ಆ ಕುಟುಂಬ ಅಲ್ಲೇ ಕಳೆಯಿತು. ಹದಿನಾಲ್ಕು ದಿನಗಳ ತೀರ್ಪು ತಿಂಗಳುಗಟ್ಟಲೆ ನಡೆಯಿತು.

ಇಷ್ಟು ವಿವರ ನಮಗೆ ತಿಳಿದಿರುವುದು ಆ ಮಕ್ಕಳಲ್ಲಿ ಒಬ್ಬ ಬರೆದಿಟ್ಟದ್ದರಿಂದ. ಅವನೇ ಜಾರ್ಜ್ ಎಡ್ವರ್ಡ್ಸ್, ಹುಟ್ಟಿದ್ದು 1850ರಲ್ಲಿ. ವರ್ಕ್‌ಹೌಸ್‌ನಿಂದ ಹೊರಬಂದ ಮೇಲೆ ಅವನ ಮೊದಲ ಕೆಲಸ ಹೊಲದಲ್ಲಿ ಕಾಗೆ ಓಡಿಸುವುದು, ವಾರಕ್ಕೆ 1 ಷಿಲಿಂಗ್. ಶಾಲೆ ಕಾಣಲಿಲ್ಲ, ಓದಲು ಕಲಿಸಿದ್ದು ಕೈಹಿಡಿದ ಹೆಂಡತಿ. 1906ರಲ್ಲಿ ನಾರ್‌ಫೋಕ್‌ನ ಕೂಲಿಕಾರರ ಸಂಘ ಕಟ್ಟಿದ, 1920ರಲ್ಲಿ ಪಾರ್ಲಿಮೆಂಟಿಗೆ ಹೋದ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಆತ ತನ್ನ ಕೌಂಟಿಯ ಮ್ಯಾಜಿಸ್ಟ್ರೇಟನೂ ಆದದ್ದು. ತಂದೆಗೆ ಸಜೆ ಬರೆದ ಪೀಠದಲ್ಲಿ ಮಗ ಕೂರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ಟರ್ನಿಪ್ ಪ್ರಕರಣ ನಡೆದದ್ದು ಪೆಟ್ಟಿ ಸೆಷನ್ಸಿನ ರೂಪವೇ ಬದಲಾಗುತ್ತಿದ್ದ ದಿನಗಳಲ್ಲಿ. ಅದಕ್ಕೂ ಮುಂಚೆ, ಹೊಲದ ಗೆಡ್ಡೆಯಂಥ ಕೆಲವನ್ನು ಬಿಟ್ಟರೆ, ಸಣ್ಣ ಕಳವಿಗೂ ಕ್ವಾರ್ಟರ್ ಸೆಷನ್ಸಿನ ಜ್ಯೂರಿಯೇ ಆಗಬೇಕಿತ್ತು. ಎರಡು ಸೇಬು ಎತ್ತಿದ ಹುಡುಗ ವಿಚಾರಣೆಗೆಂದೇ ವಾರಗಟ್ಟಲೆ ಕೌಂಟಿ ಜೈಲಿನಲ್ಲಿ, ಪಳಗಿದ ಕಳ್ಳರ ನಡುವೆ ಕೊಳೆಯುತ್ತಿದ್ದ. 1847ರ ಕಾಯ್ದೆ ಹದಿನಾಲ್ಕರೊಳಗಿನ ಮಕ್ಕಳ ಸಣ್ಣ ಕಳವನ್ನು ಪೆಟ್ಟಿ ಸೆಷನ್ಸಿಗೆ ತಂದಿತು. ಶಿಕ್ಷೆ ಮೂರು ತಿಂಗಳ ಸಜೆ, 3 ಪೌಂಡ್ ದಂಡ, ಗಂಡುಹುಡುಗರಿಗೆ ಛಡಿ ಏಟು, ಇವುಗಳ ಮಿತಿಯಲ್ಲಿ. ಮೂರು ವರ್ಷಗಳ ಮೇಲೆ ವಯಸ್ಸಿನ ಮಿತಿ ಹದಿನಾರಕ್ಕೆ ಏರಿತು. 1855ರ ಕಾಯ್ದೆ ದೊಡ್ಡವರಿಗೂ ಇದೇ ದಾರಿ ತೆರೆಯಿತು: ಕಳವಾದದ್ದು 5 ಷಿಲಿಂಗ್‌ ಒಳಗಿದ್ದು ಆರೋಪಿ ಒಪ್ಪಿದರೆ ಮ್ಯಾಜಿಸ್ಟ್ರೇಟರೇ ಮುಗಿಸಬಹುದು. ಜ್ಯೂರಿಯ ಮುಂದೆ ನಿಲ್ಲುವ ಹಕ್ಕನ್ನು ಬಿಟ್ಟುಕೊಟ್ಟರೆ ಕಾಯುವ ಜೈಲುವಾಸ ತಪ್ಪುತ್ತಿತ್ತು. ಎಂಥ ಆಯ್ಕೆ ಅದು ಎಂದು ಇಂದಿಗೂ ವಿಚಾರಣಾಧೀನ ಕೈದಿಗಳ ಪರ ವಾದಿಸುವ ನಮ್ಮ ಕಿರಿಯ ವಕೀಲರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಸರಣಿಯಲ್ಲಿ ಅತಿ ಮುಖ್ಯವಾದವು 1848ರ ಮೂರು ಕಾಯ್ದೆಗಳು. ಅಟಾರ್ನಿ ಜನರಲ್ ಸರ್ ಜಾನ್ ಜರ್ವಿಸ್ ತಂದವಾದ್ದರಿಂದ ಜರ್ವಿಸ್ ಕಾಯ್ದೆಗಳೆಂದೇ ಹೆಸರು. ಸಂಕ್ಷಿಪ್ತ ವಿಚಾರಣೆ ನಡೆಯುವ ಜಾಗ ಯಾರು ಬೇಕಾದರೂ ಬಂದು ಕೂರಬಹುದಾದ ಬಹಿರಂಗ ಕೋರ್ಟು ಎಂದು ಅವು ಘೋಷಿಸಿದವು. ಆರೋಪಿ ವಕೀಲನನ್ನು ಇಟ್ಟುಕೊಳ್ಳಬಹುದು, ಸಾಕ್ಷಿಗಳನ್ನು ಪಾಟೀಸವಾಲು ಮಾಡಿಸಬಹುದು. ಸಮನ್ಸು, ವಾರಂಟು, ಶಿಕ್ಷೆಯ ಆದೇಶ, ಎಲ್ಲಕ್ಕೂ ಅನುಬಂಧದಲ್ಲಿ ನಮೂನೆ ಅಚ್ಚಾಯಿತು. ಅಲ್ಲಿಂದ ಮುಂದೆ ಪಡಸಾಲೆಯ ನ್ಯಾಯ ಹಿಂದೆ ಸರಿಯಿತು. 1857ರಲ್ಲಿ ಕಾನೂನಿನ ಪ್ರಶ್ನೆಯನ್ನು ಮೇಲಿನ ಕೋರ್ಟಿಗೆ ಒಯ್ಯುವ ಹಾದಿಯೂ ತೆರೆಯಿತು. ಬಹಿರಂಗ ಕೋರ್ಟಿನ ಬೆಲೆ ತಿಳಿಯಬೇಕಾದರೆ ಆ ಕಾಲದ ಕೌಂಟಿ ವಾರಪತ್ರಿಕೆಗಳ ಪೆಟ್ಟಿ ಸೆಷನ್ಸ್ ಅಂಕಣ ನೋಡಬೇಕು: ಯಾರು ಕೂತಿದ್ದರು, ಯಾರಿಗೆ ಎಷ್ಟು ಬಿತ್ತು, ಎಲ್ಲ ಅಚ್ಚಿನಲ್ಲಿ. ಪೀಠದಲ್ಲಿ ಕೂತವರ ಹೆಸರೂ ಆರೋಪಿಯ ಹೆಸರಿನಂತೆಯೇ ಊರಿನ ಬಾಯಿಗೆ ಬೀಳುತ್ತಿತ್ತು.

ಪೊಲೀಸರ ವಿಷಯ ಚುಟುಕಾಗಿ ಹೇಳುತ್ತೇನೆ. ಮೊದಲು ಪ್ರತಿ ಪ್ಯಾರಿಷ್‌ಗೆ ಒಬ್ಬ ಕಾನ್‌ಸ್ಟೇಬಲ್. ಊರಿನ ಚಮ್ಮಾರನೋ ಬಡಗಿಯೋ ಸರದಿಯ ಮೇಲೆ ಮಾಡುವ ಕೆಲಸ. ಮೊಕದ್ದಮೆ ಹೂಡುವ ಹೊಣೆ, ಖರ್ಚು ಎರಡೂ ಕಳೆದುಕೊಂಡವನದೇ. ಅದಕ್ಕಾಗಿ ರೈತರು ಚಂದಾ ಎತ್ತಿ ಕಳ್ಳರ ಮೇಲೆ ಮೊಕದ್ದಮೆ ಹೂಡುವ ಸಂಘಗಳನ್ನೇ ಕಟ್ಟಿಕೊಂಡಿದ್ದರು. 1839ರ ಕಾಯ್ದೆ ಕೌಂಟಿಗಳಿಗೆ ಪೊಲೀಸ್ ಪಡೆ ಕಟ್ಟುವ ಅವಕಾಶ ಕೊಟ್ಟಿತು, ವಿಲ್ಟ್‌ಶೈರ್ ಮುಂದೆ ಬಂತು. 1856ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಸಮವಸ್ತ್ರದ ಪೊಲೀಸ್ ಬಂದ ಮೇಲೆ ಕುಡಿತ, ಅಲೆಮಾರಿತನದ ಮೊಕದ್ದಮೆಗಳು ಪೀಠದ ಮುಂದೆ ಹೆಚ್ಚಿದವು. 1824ರ ಅಲೆಮಾರಿ ಕಾಯ್ದೆಯಂತೆ ಬಯಲಿನಲ್ಲೋ ಕೊಟ್ಟಿಗೆಯಲ್ಲೋ ಮಲಗಿ, ಜೀವನೋಪಾಯ ಹೇಳಲಾಗದವನಿಗೆ ಮೂರು ತಿಂಗಳವರೆಗೆ ಸಜೆಯಾಗಬಹುದಿತ್ತು.

ಬಡ ಹೆಂಗಸರು ಇದೇ ಪೀಠದಿಂದ ಪಡೆದುಕೊಂಡದ್ದೂ ಉಂಟು. ಮದುವೆಯಿಲ್ಲದೆ ತಾಯಿಯಾದವಳು 1844ರ ಕಾಯ್ದೆಯಂತೆ ಪೆಟ್ಟಿ ಸೆಷನ್ಸಿಗೆ ಬಂದು, ಮಗುವಿನ ತಂದೆ ಇಂಥವನೆಂದು ರುಜುವಾತು ಮಾಡಿದರೆ ವಾರಕ್ಕೆ 2 ಷಿಲಿಂಗ್ 6 ಪೆನ್ಸ್‌ವರೆಗೆ ಜೀವನಾಂಶ. 1878ರ ಕಾಯ್ದೆ, ಗಂಡ ತೀವ್ರವಾಗಿ ಹೊಡೆದು ಶಿಕ್ಷೆಗೊಳಗಾದರೆ ಹೆಂಡತಿಗೆ ಬೇರೆ ಇರುವ ಆದೇಶವನ್ನೂ ಜೀವನಾಂಶವನ್ನೂ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ಲಂಡನ್ನಿನ ವಿಚ್ಛೇದನ ಕೋರ್ಟಿನ ಖರ್ಚು ಭರಿಸಲಾರದ ಹೆಣ್ಣಿಗೆ ಇದೇ ಆಸರೆ.

ಹಾಗಿದ್ದೂ, ಹಳ್ಳಿಯ ಪೀಠದ ಮೇಲೆ ದೇಶವೇ ತಿರುಗಿಬಿದ್ದದ್ದು ಹೆಂಗಸರಿಗೆ ಮಾಡಿದ ಒಂದು ಅನ್ಯಾಯದಿಂದ. ಯಜಮಾನ–ಕೂಲಿ ಸಂಬಂಧದಲ್ಲಿ ಕಾನೂನು ಮೊದಲಿಂದಲೂ ಒಂದು ಕಡೆಗೆ ವಾಲಿತ್ತು. ಒಪ್ಪಂದ ಮುರಿದ ಯಜಮಾನನದು ಸಿವಿಲ್ ತಪ್ಪು. ಕೂಲಿಯವನು ಮುರಿದರೆ 1823ರ ಕಾಯ್ದೆಯಂತೆ ಮೂರು ತಿಂಗಳ ಕಠಿಣ ಸಜೆ. 1834ರಲ್ಲಿ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಕೂಲಿಕಾರರು ಸಂಘ ಕಟ್ಟಿದ್ದಕ್ಕೆ ರಹಸ್ಯ ಪ್ರಮಾಣದ ಕಾನೂನನ್ನು ಹುಡುಕಿ ತೆಗೆದು ಏಳು ವರ್ಷ ಗಡೀಪಾರು ಮಾಡಿದ್ದು ಅಸೈಜಸ್ ಆದರೂ, ಅವರನ್ನು ಅಲ್ಲಿಗೆ ಕಳಿಸಿದವನು ಜೇಮ್ಸ್ ಫ್ರಾಂಪ್ಟನ್ ಎಂಬ ಸ್ಥಳೀಯ ಮ್ಯಾಜಿಸ್ಟ್ರೇಟ್. 1872ರಲ್ಲಿ ಜೋಸೆಫ್ ಆರ್ಚ್ ಕೂಲಿಕಾರರ ರಾಷ್ಟ್ರೀಯ ಸಂಘ ಕಟ್ಟಿದ ಮರುವರ್ಷ ಆಕ್ಸ್‌ಫರ್ಡ್‌ಶೈರ್‌ನ ಆಸ್ಕಾಟ್-ಅಂಡರ್-ವಿಚ್‌ವುಡ್ ಹಳ್ಳಿಯಲ್ಲಿ ಮುಷ್ಕರ. ರೈತನೊಬ್ಬ ಪಕ್ಕದೂರಿನಿಂದ ಇಬ್ಬರು ಆಳುಗಳನ್ನು ಕರೆತಂದ. ಮುಷ್ಕರ ಹೂಡಿದವರ ಹೆಂಡಂದಿರು, ಹೆಣ್ಣುಮಕ್ಕಳು ಆ ಆಳುಗಳಿಗೆ ಅಡ್ಡ ನಿಂತು ಕೆಲಸಕ್ಕೆ ಹೋಗಬೇಡಿರೆಂದು ತಡೆದರು. 1873ರ ಮೇ 21ರಂದು ಚಿಪಿಂಗ್ ನಾರ್ಟನ್‌ನ ಪೀಠ ಹದಿನಾರು ಹೆಂಗಸರಿಗೆ ಶಿಕ್ಷೆ ಬರೆಯಿತು: ಏಳು ಮಂದಿಗೆ ಹತ್ತು ದಿನ, ಒಂಬತ್ತು ಮಂದಿಗೆ ಏಳು ದಿನ, ಎಲ್ಲರಿಗೂ ಕಠಿಣ ಸಜೆ. ಪೀಠದಲ್ಲಿದ್ದ ಇಬ್ಬರೂ ಪಾದ್ರಿಗಳು. ಅವರು ಹಿಡಿದ 1871ರ ಕಾಯ್ದೆಯಲ್ಲಿ ದಂಡದ ಅವಕಾಶವಿರಲಿಲ್ಲ, ನಿಜ. ಆದರೆ ಕಠಿಣ ದುಡಿಮೆಯ ಷರತ್ತು ಹಾಕಲೇಬೇಕೆಂದು ಅದು ಹೇಳಿರಲಿಲ್ಲ.

ಕೆಲವರ ಕಂಕುಳಲ್ಲಿ ಹಾಲುಗೂಸುಗಳಿದ್ದವು. ಸುದ್ದಿ ಹರಡಿ ಆ ರಾತ್ರಿ ಚಿಪಿಂಗ್ ನಾರ್ಟನ್‌ನಲ್ಲಿ ಜನ ಸೇರಿ ಕಲ್ಲು ತೂರಿದರು. ಪೊಲೀಸರು ತಂತಿ ಕಳಿಸಿ ಆಕ್ಸ್‌ಫರ್ಡ್‌ನಿಂದ ಕುಮ್ಮಕ್ಕು ಕರೆಸಿಕೊಂಡರು. ಕತ್ತಲಲ್ಲೇ ಹೆಂಗಸರನ್ನೂ ಕೂಸುಗಳನ್ನೂ ತೆರೆದ ಗಾಡಿಗೆ ಹತ್ತಿಸಿ ಆಕ್ಸ್‌ಫರ್ಡ್ ಜೈಲಿಗೆ ಸಾಗಿಸಿದರು. ಮ್ಯಾಜಿಸ್ಟ್ರೇಟರ ನಡತೆಯ ಬಗ್ಗೆ ಲಾರ್ಡ್ ಚಾನ್ಸಲರ್ ವಿವರಣೆ ಕೇಳಬೇಕಾಯಿತು. ಪಾದ್ರಿಗಳನ್ನು ಪೀಠದಲ್ಲಿ ಕೂರಿಸಬಾರದೆಂಬ ಕೂಗು ದೇಶದ ತುಂಬ ಎದ್ದಿತು. 1875ರಲ್ಲಿ ಪಾರ್ಲಿಮೆಂಟು ಶಾಂತಿಯುತ ಪಿಕೆಟಿಂಗ್‌ಗೆ ಅವಕಾಶ ಕೊಟ್ಟು, ಕೂಲಿಯ ಒಪ್ಪಂದ ಮುರಿಯುವುದನ್ನು ಬಹುಮಟ್ಟಿಗೆ ಅಪರಾಧಗಳ ಪಟ್ಟಿಯಿಂದ ತೆಗೆಯಿತು. ಹದಿನಾರು ಹೆಂಗಸರ ಪಾಲು ಇದರಲ್ಲಿ ಸಣ್ಣದಲ್ಲ.

ಜಮೀನ್ದಾರರ ಹಿಡಿತ ಸಡಿಲವಾದದ್ದು ಹಂತಹಂತವಾಗಿ. 1888ರಲ್ಲಿ ಕೌಂಟಿಯ ಆಡಳಿತ ಕ್ವಾರ್ಟರ್ ಸೆಷನ್ಸಿನ ಕೈತಪ್ಪಿ ಚುನಾಯಿತ ಕೌನ್ಸಿಲುಗಳಿಗೆ ಹೋಯಿತು. 1906ರಲ್ಲಿ ಆಸ್ತಿಯ ಅರ್ಹತೆ ರದ್ದಾಯಿತು. ಜಾರ್ಜ್ ಎಡ್ವರ್ಡ್ಸ್‌ನಂಥವರಿಗೆ ಬಾಗಿಲು ತೆರೆದದ್ದು ಆಗಲೇ. 1919ರ ಕಾಯ್ದೆಯಿಂದ ಹೆಂಗಸರೂ ಪೀಠಕ್ಕೆ ಬಂದರು. ಸ್ಟೇಲಿಬ್ರಿಡ್ಜ್‌ನ ಮೇಯರ್ ಏಡಾ ಸಮ್ಮರ್ಸ್ ಮೊದಲಿಗರು. 1971ರ ಕಾಯ್ದೆ ಕ್ವಾರ್ಟರ್ ಸೆಷನ್ಸ್, ಅಸೈಜಸ್ ಎರಡನ್ನೂ ಮುಚ್ಚಿತು. ಸಂಬಳವಿಲ್ಲದ ಮ್ಯಾಜಿಸ್ಟ್ರೇಟರು ಮಾತ್ರ ಇಂದಿಗೂ ಅಲ್ಲಿ ಕೂರುತ್ತಾರೆ.

ನಮ್ಮ ಕಡೆಗೆ ಈ ಏರ್ಪಾಡು ದಂಡ ಪ್ರಕ್ರಿಯಾ ಸಂಹಿತೆಗಳ ಮೂಲಕ ಬಂತು. ಬ್ರಿಟಿಷ್ ಪ್ರಾಂತ್ಯಗಳಲ್ಲೂ ಮೈಸೂರು ಸಂಸ್ಥಾನದಲ್ಲೂ ಊರ ಪ್ರಮುಖರನ್ನು ಗೌರವ ಮ್ಯಾಜಿಸ್ಟ್ರೇಟರಾಗಿ ನೇಮಿಸಿ ಬೆಂಚ್ ಕೋರ್ಟುಗಳನ್ನು ನಡೆಸುತ್ತಿದ್ದರು. 1898ರ ಸಂಹಿತೆಯ 260ನೆಯ ಕಲಂ 50 ರೂಪಾಯಿ ಮೀರದ ಕಳವನ್ನು ಸಂಕ್ಷಿಪ್ತ ವಿಚಾರಣೆಗೆ ಒಪ್ಪಿಸಿತ್ತು; 2005ರ ತಿದ್ದುಪಡಿಯಲ್ಲಿ ಆ ಮಿತಿ 2,000 ರೂಪಾಯಿ ಆಯಿತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 20,000. ಒಂದು ವಿಷಯದಲ್ಲಿ ನಮ್ಮ ಸಂಹಿತೆ ಮೂಲಕ್ಕಿಂತ ಮುಂದೆ ಹೋಯಿತು. ಜರ್ವಿಸ್ ಅಚ್ಚು ಹಾಕಿಸಿದ ಶಿಕ್ಷೆಯ ನಮೂನೆಯಲ್ಲಿ ಆರೋಪಿಯ ಹೆಸರು, ಅಪರಾಧ, ದಂಡ, ಸಜೆ ತುಂಬಲು ಜಾಗವಿತ್ತು. ಹೀಗೇಕೆ ತೀರ್ಮಾನಿಸಿದೆವೆಂದು ಬರೆಯಲು ಜಾಗವಿರಲಿಲ್ಲ. 1898ರ ಸಂಹಿತೆಯ 263ನೆಯ ಕಲಂ, ಅಪೀಲಿಲ್ಲದ ಸಂಕ್ಷಿಪ್ತ ಮೊಕದ್ದಮೆಯಲ್ಲೂ, ಶಿಕ್ಷೆಯಾದರೆ ಅದಕ್ಕೆ ಕಾರಣವನ್ನು ಚಿಕ್ಕದಾಗಿಯಾದರೂ ದಾಖಲಿಸಬೇಕೆಂದಿತು. ಆ ಕಟ್ಟಳೆ 1973ರ ಸಂಹಿತೆಯಲ್ಲಿ 264ನೆಯ ಕಲಂ ಆಗಿ ಉಳಿದು, ಈಗ ನಾಗರಿಕ ಸುರಕ್ಷಾ ಸಂಹಿತೆಯ 287ನೆಯ ಕಲಂನಲ್ಲಿದೆ.